ಬಿಸಿಯಾದ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತಿಲ್ಲವೇ? ತಣ್ಣಗಾಗುವ ಮೊದಲೇ ದೋಷ ಹಿಡಿಯುವ ಕ್ರಮ

ಬೆಳಿಗ್ಗೆ ಮನೆ ಮುಂದೆ ಒಂದೇ ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡೆತಕ್ಕೆ ಗಾಡಿ ಸ್ಟಾರ್ಟ್ ಆಗುತ್ತದೆ. ಐವತ್ತು ಕಿಲೋಮೀಟರ್ ಓಡಿಸಿ, ಟೀ ಕುಡಿಯಲು ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಜಪ್ಪಯ್ಯ ಅಂದರೂ ಇಲ್ಲ. ಇನ್ನರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಹತ್ತು ಸಲಕ್ಕೆ ಹತ್ತು ಸಲವೂ ಸ್ಟಾರ್ಟ್. ‘ಏನೂ ಪ್ರಾಬ್ಲಂ ಇಲ್ಲ ಸಾರ್, ಒಂದ್ಸಲ ಬ್ಯಾಟರಿ ಬದಲಾಯಿಸಿ ನೋಡೋಣ’ ಎಂಬ ಮಾತು.

ಹೆಚ್ಚಿನವರು ಸೋಲುವುದು ಇಲ್ಲೇ. ದೋಷ ಇರುವುದು ಬಿಸಿಯಲ್ಲಿ, ಹುಡುಕುವುದು ಗಾಡಿ ತಣ್ಣಗಾದ ಮೇಲೆ. ನಾನೂ ಹೀಗೆ ಸೋತಿದ್ದೇನೆ. ಒಂದು ಗ್ಯಾರೇಜಿನವರು ಮೊದಲು ಬ್ಯಾಟರಿ ಬದಲಿಸಿದರು, ಆಮೇಲೆ ಪೆಟ್ರೋಲ್ ಪಂಪ್. ಮೂರನೇ ವಾರ ಚಾರ್ಮಾಡಿ ಘಾಟಿಯಲ್ಲಿ ಫೋಟೋ ತೆಗೆಯಲು ನಿಲ್ಲಿಸಿದ ಗಾಡಿ ಅಲ್ಲೇ ಕೂತಿತು. ಕೊನೆಗೆ ಸಿಕ್ಕಿದ ಕಳ್ಳ ಹೆಬ್ಬೆರಳು ಗಾತ್ರದ ಒಂದು ಸೆನ್ಸರ್.

ಕೆಳಗಿನ ಕ್ರಮ ಮುಖ್ಯವಾಗಿ ಫ್ಯುಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಿಗೆ. ಡೀಸೆಲ್, ಕಾರ್ಬ್ಯುರೇಟರ್ ಗಾಡಿ ಮತ್ತು ಬೈಕ್‌ಗಳಲ್ಲಿ ಎಲ್ಲಿ ಬೇರೆಯಾಗುತ್ತದೆ ಎಂದು ಕೊನೆಯ ಕಡೆ ಹೇಳಿದ್ದೇನೆ. ಹಂತಗಳನ್ನು ಹಾರಿಸಬೇಡಿ. ಒಂದರ ಉತ್ತರ ಗೊತ್ತಾದರೆ ಮಾತ್ರ ಮುಂದಿನದಕ್ಕೆ ಅರ್ಥ.

## ಹಂತ 1: ಡಿಕ್ಕಿಯಲ್ಲಿ ಇಟ್ಟಿರಬೇಕಾದ ಸಾಮಾನು

ದೋಷ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದಾಗ ನಿಮ್ಮ ಕೈಯಲ್ಲಿ ಹತ್ತು ಹದಿನೈದು ನಿಮಿಷ ಅಷ್ಟೇ ಇರುತ್ತದೆ. ಹಾಗಾಗಿ ಇವೆಲ್ಲ ಮೊದಲೇ ಗಾಡಿಯಲ್ಲಿರಲಿ:

- ಡಿಜಿಟಲ್ ಮಲ್ಟಿಮೀಟರ್. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸಿಗುವ ಸಾಧಾರಣ ಮೀಟರ್ ಸಾಕು.
- ಬ್ಲೂಟೂತ್ ಓಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರಿನ ಮಾಹಿತಿಯನ್ನು ಫೋನಿಗೆ ಕಳಿಸುವ ಪುಟ್ಟ ಸಾಧನ), ಫೋನಿನಲ್ಲಿ ಅದರ ಆ್ಯಪ್. ಮನೆಯಲ್ಲೇ ಒಮ್ಮೆ ಜೋಡಿಸಿ ನೋಡಿ. ರಸ್ತೆಬದಿ ನಿಂತು ಪಾಸ್‌ವರ್ಡ್ ಹುಡುಕುವ ಪಾಡು ಬೇಡ.
- ನೀರು ತುಂಬಿದ ಸ್ಪ್ರೇ ಬಾಟಲಿ, ಒಂದು ಹಳೆ ಬಟ್ಟೆ.
- ಸ್ಪಾರ್ಕ್ ಟೆಸ್ಟರ್, ಪ್ಲಗ್ ಸ್ಪ್ಯಾನರ್, 10ರ ಸ್ಪ್ಯಾನರ್, ದಪ್ಪ ಕೈಗವಸು.
- ಪುಟ್ಟ ನೋಟ್‌ಬುಕ್, ಪೆನ್ನು.

ಜನ ಕೊನೆಯದನ್ನೇ ಬಿಟ್ಟುಬಿಡುತ್ತಾರೆ. ಎಷ್ಟು ದೂರ ಓಡಿತ್ತು, ಎಷ್ಟು ಹೊತ್ತು ನಿಂತಿತ್ತು, ಟ್ಯಾಂಕಿನಲ್ಲಿ ಎಷ್ಟಿತ್ತು, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯಿತು, ಇಷ್ಟನ್ನು ಪ್ರತಿಸಲ ಬರೆದಿಟ್ಟರೆ ಮೂರನೇ ಸಲಕ್ಕೆ ಒಂದು ಚಿತ್ರ ಮೂಡುತ್ತದೆ.

## ಹಂತ 2: ನಿಂತ ಕೂಡಲೇ, ಬಾನೆಟ್ ಎತ್ತುವ ಮೊದಲು

ಗಾಡಿಯನ್ನು ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಜಾರ್ಡ್ ಲೈಟ್ ಹಾಕಿ. ಘಾಟಿಯಲ್ಲಿದ್ದರೆ ಚಕ್ರಕ್ಕೆ ಇಳಿಜಾರಿನ ಕಡೆಯಿಂದ ಕಲ್ಲು ಇಡಿ. ಬೀಡಿ ಸಿಗರೇಟು ದೂರ.

ಟೆಂಪರೇಚರ್ ಮುಳ್ಳು ಎಲ್ಲಿದೆ ನೋಡಿ. ಕೆಂಪು ಮುಟ್ಟಿದ್ದರೆ ಇದು ಬೇರೆಯೇ ಕಾಯಿಲೆ, ಓವರ್‌ಹೀಟ್. ಆಗ ಸ್ಟಾರ್ಟ್ ಮಾಡುವ ಪ್ರಯತ್ನ ಬಿಡಿ, ಟೋಯಿಂಗ್‌ಗೆ ಫೋನ್ ಮಾಡಿ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ತೆಗೆಯಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಈ ಬರಹ ಇರುವುದು ಮುಳ್ಳು ಮಾಮೂಲಿ ಜಾಗದಲ್ಲೇ ಇದ್ದೂ ಸ್ಟಾರ್ಟ್ ಆಗದ ಗಾಡಿಗಳಿಗೆ.

ಇಂಜಿನ್ ಆಫ್ ಮಾಡಿದ ತಕ್ಷಣ ಬಾನೆಟ್ ಒಳಗೆ ತಣ್ಣಗಾಗತೊಡಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಕೂಲೆಂಟ್ ಹರಿವು ನಿಲ್ಲುತ್ತದೆ, ಎದುರುಗಾಳಿ ನಿಲ್ಲುತ್ತದೆ, ಇಂಜಿನ್ನಿನ ಲೋಹದಲ್ಲಿದ್ದ ಬಿಸಿಯೆಲ್ಲ ಸುತ್ತಲಿನ ಸೆನ್ಸರ್, ಪೈಪ್, ವೈರುಗಳಿಗೆ ಏರುತ್ತದೆ. ಮೊದಲ ಹತ್ತಿಪ್ಪತ್ತು ನಿಮಿಷ ಅವು ಓಡುವಾಗಿನದಕ್ಕಿಂತ ಜಾಸ್ತಿ ಬಿಸಿಯಾಗಿರುತ್ತವೆ. ಟೀ ಅಂಗಡಿ ಮುಂದೆಯೇ ಗಾಡಿ ಕೈಕೊಡುವುದು ಇದಕ್ಕೇ.

ಹಾಗಾಗಿ ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಆಫ್ ಮಾಡಿ ಕೂಡಲೇ ಕೀ ಕೊಟ್ಟರೆ ಸ್ಟಾರ್ಟ್ ಆಗಿ, ಹತ್ತು ಹದಿನೈದು ನಿಮಿಷ ಬಿಟ್ಟರೆ ಮಾತ್ರ ಆಗುವುದಿಲ್ಲವೇ? ಹಾಗಿದ್ದರೆ ನಿಂತ ಮೇಲೆ ಏರುವ ಬಿಸಿಯೇ ಕಾರಣ. ಓಡುತ್ತಿದ್ದಾಗಲೇ ತಾನಾಗಿ ಆಫ್ ಆಗಿ ನಿಂತಿತೇ? ಹಾಗಿದ್ದರೆ ಸೆನ್ಸರ್, ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವುದು), ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಅಥವಾ ಪೆಟ್ರೋಲ್ ಪಂಪ್ ಕಡೆ ಅನುಮಾನ ಹೋಗಲಿ.

## ಹಂತ 3: ಕೀ ತಿರುಗಿಸಿ, ಕಿವಿಗೊಡಿ

ಎಸಿ, ಲೈಟ್, ಮ್ಯೂಸಿಕ್ ಎಲ್ಲ ಆಫ್ ಮಾಡಿ ಐದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಇಲ್ಲಿಂದ ದಾರಿ ಎರಡಾಗುತ್ತದೆ.

ಇಂಜಿನ್ ತಿರುಗಲೇ ಇಲ್ಲ, ‘ಟಿಕ್’ ಅಂತು, ಅಥವಾ ಹೆಣಗಾಡುತ್ತ ನಿಧಾನಕ್ಕೆ ತಿರುಗಿತು ಅಂದರೆ ಹಂತ 4. ಬೆಳಗಿನಷ್ಟೇ ಚುರುಕಾಗಿ ತಿರುಗುತ್ತಿದೆ, ಆದರೆ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಹಂತ 5. ಮೆಕ್ಯಾನಿಕ್‌ಗೆ ಫೋನಿನಲ್ಲಿ ಬರೀ ‘ಸ್ಟಾರ್ಟ್ ಆಗ್ತಿಲ್ಲ’ ಎಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ‘ಸೆಲ್ಫ್ ತಿರುಗ್ತಿದೆ, ಇಂಜಿನ್ ಹಿಡೀತಿಲ್ಲ’ ಎಂದರೆ ಅರ್ಧ ಕೆಲಸ ಮುಗಿಯುತ್ತದೆ.

ಒಮ್ಮೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ನಡುವೆ ಒಂದು ನಿಮಿಷ ಬಿಡಿ. ಸಿಟ್ಟಿನಲ್ಲಿ ಸೆಲ್ಫ್ ಹೊಡೆಯುತ್ತಲೇ ಹೋದರೆ ಸ್ಟಾರ್ಟರ್ ಮೋಟರ್ ಇನ್ನೂ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೂ ಹಾಳು ಮಾಡುತ್ತದೆ.

## ಹಂತ 4: ಸೆಲ್ಫೇ ತಿರುಗದಿದ್ದರೆ

ಮೊದಲು ಪುಕ್ಕಟೆ ಪರೀಕ್ಷೆ. ಆಟೋಮ್ಯಾಟಿಕ್ ಗಾಡಿಯಾದರೆ ಪಾರ್ಕ್ ಬದಲು ನ್ಯೂಟ್ರಲ್‌ನಲ್ಲಿ ಪ್ರಯತ್ನಿಸಿ. ಮ್ಯಾನ್ಯುಯಲ್ ಆದರೆ ಕ್ಲಚ್ ಪೂರ್ತಿ ಒತ್ತಿ, ಕೆಲವು ಗಾಡಿಗಳಲ್ಲಿ ಕ್ಲಚ್ ಸ್ವಿಚ್ ಒತ್ತದೆ ಸೆಲ್ಫ್ ಹೊಡೆಯುವುದಿಲ್ಲ.

ಆಮೇಲೆ ಮಲ್ಟಿಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಜೊತೆಗಿದ್ದವರು ಸೆಲ್ಫ್ ಹೊಡೆಯುವಾಗ ಮೀಟರ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಅನುಮಾನಿಸಿ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಬರದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಕೆಲವು ಹೊಸ ಗಾಡಿಗಳು ಬೇಕೆಂದೇ ಇದನ್ನು ಏರಿಳಿಸುತ್ತವೆ, ಅಷ್ಟಕ್ಕೇ ಗಾಬರಿ ಬೇಡ.

ಬ್ಯಾಟರಿ ಸರಿಯಿದ್ದರೆ ಮುಂದಿನದು ಬಹಳ ಜನ ಮಾಡದ, ಆದರೆ ನನ್ನ ಪ್ರಕಾರ ಅತಿ ಮುಖ್ಯವಾದ ಪರೀಕ್ಷೆ. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ತುದಿ ಇಂಜಿನ್ನಿನ ಬೋಳು ಲೋಹಕ್ಕೆ. ಈಗ ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಅರ್ತ್ (ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ನಿಗೂ ಇರುವ ಸಂಪರ್ಕ) ಚೆನ್ನಾಗಿದೆ. ಅರ್ಧ, ಒಂದು ವೋಲ್ಟ್ ತೋರಿಸಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲ. ಕರಾವಳಿಯ ಉಪ್ಪುಗಾಳಿ ತಿಂದ ಗಾಡಿಗಳಲ್ಲಿ ಇದನ್ನು ಮೊದಲೇ ನೋಡಿ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರೆ ಮುಗಿಯಿತು, ಖರ್ಚು ಹತ್ತು ರೂಪಾಯಿ. ಬ್ಯಾಟರಿ ಪಾಸಿಟಿವ್‌ನಿಂದ ಸ್ಟಾರ್ಟರ್‌ನ ದಪ್ಪ ಬೋಲ್ಟ್‌ವರೆಗೂ ಹೀಗೇ ಅಳೆಯಿರಿ, ಅಲ್ಲಿ 0.5 ವೋಲ್ಟ್ ದಾಟಬಾರದು.

ಈ ತೊಂದರೆ ಬಿಸಿಯಲ್ಲೇ ಏಕೆ? ತಾಮ್ರದ ತಂತಿ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. 30 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ. ಸ್ಟಾರ್ಟರ್‌ನ ಸೊಲೆನಾಯ್ಡ್ (ಸ್ಟಾರ್ಟರನ್ನು ಇಂಜಿನ್ನಿಗೆ ಜೋಡಿಸುವ ವಿದ್ಯುತ್ ಅಯಸ್ಕಾಂತ) ಎಳೆಯುವ ಶಕ್ತಿ ಅಷ್ಟಕ್ಕಷ್ಟು ಕುಗ್ಗುತ್ತದೆ. ತಣ್ಣಗಿದ್ದಾಗ ಹೇಗೋ ಸಾಗುತ್ತಿದ್ದ ಸಡಿಲ ವೈರು ಈಗ ಸಿಕ್ಕಿಬೀಳುತ್ತದೆ.

ಕೇಬಲ್‌ಗಳೆಲ್ಲ ಸರಿ, ಸೊಲೆನಾಯ್ಡ್‌ನ ಸಣ್ಣ ವೈರಿಗೂ ಸೆಲ್ಫ್ ಹೊಡೆದಾಗ 10 ವೋಲ್ಟ್‌ಗಿಂತ ಜಾಸ್ತಿ ಬರುತ್ತಿದೆ, ಆದರೂ ಮೋಟರ್ ತಿರುಗುತ್ತಿಲ್ಲ ಅಂದರೆ ದೋಷ ಸ್ಟಾರ್ಟರ್ ಒಳಗೇ ಇದೆ. ವೀಲ್ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿದಾಗ ತಿರುಗಿತು ಎಂದರೆ ಬ್ರಷ್ ಸವೆದಿರುವ ಸೂಚನೆ. ಹೊಸ ಸ್ಟಾರ್ಟರ್ ಕೊಳ್ಳುವ ಮೊದಲು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬ್ರಷ್, ಬುಷ್ ಬದಲಿಸಿ ನೋಡಿ. ಸಣ್ಣ ವೈರಿಗೇ ವೋಲ್ಟ್ ಬರುತ್ತಿಲ್ಲವಾದರೆ ಸ್ಟಾರ್ಟರ್ ತಪ್ಪೇನಿಲ್ಲ, ರಿಲೇ ಅಥವಾ ಕೀ ಸ್ವಿಚ್ ನೋಡಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡುವ ಹಳೇ ವಿದ್ಯೆ ಮಾತ್ರ ಬೇಡ. ಗೇರಿನಲ್ಲಿದ್ದರೆ ಗಾಡಿ ನಿಮ್ಮ ಮೇಲೇ ಬರುತ್ತದೆ.

## ಹಂತ 5: ಸೆಲ್ಫ್ ತಿರುಗುತ್ತಿದೆ, ಆದರೆ ಆರ್‌ಪಿಎಂ ಬರುತ್ತಿದೆಯಾ?

ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ಲೈಟ್ ಬಡಿದುಕೊಳ್ಳುತ್ತಿದ್ದರೆ ಗಾಡಿ ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಇನ್ನೊಂದು ಕೀ ತಂದು ನೋಡಿ. ಆ ಲೈಟ್ ಬಡಿದುಕೊಳ್ಳದಿದ್ದರೆ ಮುಂದೆ ಹೋಗಿ.

ಓಬಿಡಿ ಅಡಾಪ್ಟರ್ ಸಿಕ್ಕಿಸಿ, ಆ್ಯಪ್‌ನ ಲೈವ್ ಡೇಟಾದಲ್ಲಿ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು) ತೆರೆದು ಸೆಲ್ಫ್ ಹೊಡೆಯಿರಿ. ಸೆಲ್ಫ್ ತಿರುಗುವಾಗ ಸುಮಾರು 150ರಿಂದ 250 ಬರಬೇಕು. ಇಂಜಿನ್ ಕಣ್ಣೆದುರೇ ತಿರುಗುತ್ತಿದ್ದರೂ ಫೋನಿನಲ್ಲಿ ಸೊನ್ನೆ ಕಂಡರೆ ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಮೇಲೆ ಬಲವಾದ ಅನುಮಾನ. ಇಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಮುಟ್ಟದಿದ್ದರೆ ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಅಡಾಪ್ಟರ್ ಇಲ್ಲದವರು ಡ್ಯಾಶ್‌ಬೋರ್ಡಿನಲ್ಲಿ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಮುಳ್ಳು ನೋಡಿ. ಕೆಲವು ಗಾಡಿಗಳಲ್ಲಿ ಅದು ಸೆಲ್ಫಿಗೆ ಸ್ವಲ್ಪ ಅಲುಗುತ್ತದೆ. ಎಲ್ಲ ಗಾಡಿಗಳಲ್ಲೂ ಅಲುಗುವುದಿಲ್ಲ, ಹಾಗಾಗಿ ಅದೊಂದನ್ನೇ ನಂಬಬೇಡಿ.

ಬಿಸಿಗೆ ಈ ಸೆನ್ಸರಿನ ಒಳಗಿನ ಕೂದಲೆಳೆಯಂಥ ತಂತಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಖಾತ್ರಿ ಮಾಡಿಕೊಳ್ಳಲು ಸ್ಪ್ರೇ ಬಾಟಲಿ ಬಳಸಿ. ಸೆನ್ಸರ್ ಇಂಜಿನ್ನಿನ ಬುಡದಲ್ಲೋ ಗೇರ್‌ಬಾಕ್ಸ್ ಸೇರುವ ಜಾಗದಲ್ಲೋ ಇರುತ್ತದೆ, ನಿಮ್ಮ ಗಾಡಿಯಲ್ಲಿ ಎಲ್ಲಿದೆ ಎಂದು ಮನೆಯಲ್ಲೇ ಹುಡುಕಿಟ್ಟುಕೊಳ್ಳಿ. ಅದರ ಮೇಲಷ್ಟೇ ನೀರು ಚಿಮುಕಿಸಿ ಎರಡು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದರೆ ಕಳ್ಳ ಸಿಕ್ಕ ಹಾಗೆಯೇ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ನೀರು ಬೀಳಬಾರದು, ಕಾದ ಕಬ್ಬಿಣ ಸೀಳುತ್ತದೆ. ಫ್ಯೂಸ್ ಬಾಕ್ಸ್, ಆಲ್ಟರ್ನೇಟರ್ ಮೇಲೂ ಬೇಡ.

ಓಬಿಡಿ ಆ್ಯಪ್‌ನಲ್ಲಿ ಪಿ0335 (P0335) ಎಂಬ ದೋಷದ ಕೋಡ್ ಬಂದಿದ್ದರೆ ಅದೂ ಇದನ್ನೇ ಹೇಳುತ್ತದೆ. ಕೋಡ್ ಬಂದಿಲ್ಲ ಎಂದು ಸೆನ್ಸರನ್ನು ಬಿಟ್ಟುಬಿಡಬೇಡಿ, ಎಷ್ಟೋ ಸಲ ಬರುವುದೇ ಇಲ್ಲ. ಮೂರು ವೈರಿನ ಸೆನ್ಸರ್ ಆಗಿದ್ದರೆ ಮೀಟರಿನ ಓಮ್ಸ್‌ನಲ್ಲಿ ಅಳೆಯಲು ಹೋಗಬೇಡಿ. ಅದರಲ್ಲಿ ಹೆಚ್ಚಾಗಿ ಎಲೆಕ್ಟ್ರಾನಿಕ್ಸ್ ಇರುತ್ತದೆ, ಹಾಗಿದ್ದರೆ ಆ ಅಳತೆಗೆ ಅರ್ಥವಿಲ್ಲ. ಬದಲಿಸುವ ಮೊದಲು ಕನೆಕ್ಟರ್ ಬಿಚ್ಚಿ ಎಣ್ಣೆ, ಹಸಿರು ತುಕ್ಕು ಇದೆಯಾ ನೋಡಿ. ಹೊಸದನ್ನು ಹಾಕುವಾಗ ಕಂಪನಿಯ ಅಸಲಿ ಭಾಗವನ್ನೇ ಹಾಕಿಸಿ. ಈ ಒಂದು ವಿಷಯದಲ್ಲಿ ಅಗ್ಗದ ಡೂಪ್ಲಿಕೇಟ್ ಹಾಕಿ ಮತ್ತೆ ಅದೇ ಘಾಟಿಯಲ್ಲಿ ನಿಂತವರು ಬಹಳ.

## ಹಂತ 6: ಪೆಟ್ರೋಲ್ ಜಾಸ್ತಿಯೋ, ಕಮ್ಮಿಯೋ? ಮೂಗಿನಿಂದ ತಿಳಿಯಿರಿ

ಆರ್‌ಪಿಎಂ ಸರಿಯಾಗಿ ಬರುತ್ತಿದೆ, ಆದರೂ ಇಂಜಿನ್ ಹಿಡಿಯುತ್ತಿಲ್ಲ. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಸೈಲೆನ್ಸರ್ ಹತ್ತಿರ ಹೋಗಿ ವಾಸನೆ ನೋಡಿ.

ಪೆಟ್ರೋಲ್ ವಾಸನೆ ಗಮ್ಮೆಂದು ಬಂದರೆ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿಯಾಗಿದೆ. ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಹಾಗೆ ಒತ್ತಿದಾಗ ಹೆಚ್ಚಿನ ಇಂಜೆಕ್ಷನ್ ಗಾಡಿಗಳಲ್ಲಿ ಇಸಿಯು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಬಿಡುತ್ತದೆ. ಮುಕ್ಕರಿಸಿ, ಕಪ್ಪು ಹೊಗೆ ಬಿಟ್ಟು ಸ್ಟಾರ್ಟ್ ಆದರೆ ನಿಮ್ಮ ಊಹೆ ಸರಿ. ಹೀಗಾಗಲು ಮುಖ್ಯ ಕಾರಣ ಮೂರು.

ಒಂದು, ಕೂಲೆಂಟ್ ಟೆಂಪರೇಚರ್ ಸೆನ್ಸರ್ ಸುಳ್ಳು ಹೇಳುತ್ತಿದೆ. ಇಂಜಿನ್ 90 ಡಿಗ್ರಿಯಲ್ಲಿದ್ದರೂ 20 ಎಂದು ವರದಿ ಕೊಟ್ಟರೆ ಇಸಿಯು ಚಳಿಗಾಲದ ಬೆಳಗಿಗೆ ಬೇಕಾದಷ್ಟು ಪೆಟ್ರೋಲ್ ಸುರಿಯುತ್ತದೆ. ಲೈವ್ ಡೇಟಾ ನೋಡಿದರೆ ಒಂದೇ ನಿಮಿಷದ ಕೆಲಸ. ಆಗಷ್ಟೇ ನಿಲ್ಲಿಸಿದ ಗಾಡಿ 80ರಿಂದ 105ರ ನಡುವೆ ತೋರಿಸಬೇಕು. ಮೀಟರಿನಲ್ಲಿ ಅಳೆಯುವುದಾದರೆ, ಸಾಮಾನ್ಯ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಕಿಲೋ ಓಮ್, 80ರಲ್ಲಿ ಸುಮಾರು 300 ಓಮ್ ತೋರಿಸುತ್ತದೆ. ಕನೆಕ್ಟರ್ ಬಿಚ್ಚಿದಾಗ ಸ್ಟಾರ್ಟ್ ಆದರೂ ಸೆನ್ಸರ್ ಮೇಲೆ ಅನುಮಾನ ಗಟ್ಟಿ. ಬಿಚ್ಚಿದ ಕೂಡಲೇ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗಬಹುದು, ಕೈ ದೂರವಿರಲಿ.

ಎರಡು, ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ನಿಂತ ಗಾಡಿಯಲ್ಲಿ ಪೈಪಿನ ಒತ್ತಡದ ಪೆಟ್ರೋಲ್ ಮೆಲ್ಲಗೆ ಒಳಗೆ ಸೋರುತ್ತದೆ. ಪ್ಲಗ್ ಬಿಚ್ಚಿದರೆ ಒಂದೋ ಎರಡೋ ಮಾತ್ರ ಒದ್ದೆ ಇರುತ್ತವೆ. ಎಲ್ಲವೂ ಒದ್ದೆ ಇದ್ದರೆ ಮೇಲಿನ ಸೆನ್ಸರಿಗೇ ವಾಪಸ್ ಹೋಗಿ.

ಮೂರನೆಯದು ಮಜಾ ಇದೆ. ಬಂಕಿನಲ್ಲಿ ಪೆಟ್ರೋಲ್ ತುಂಬಿಸಿದ ಮೇಲೆ ಮಾತ್ರ ತೊಂದರೆಯೇ? ನಿಮ್ಮ ನೋಟ್‌ಬುಕ್ ಈಗ ಕೆಲಸಕ್ಕೆ ಬರುತ್ತದೆ. ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಕಳಿಸುವ ಪರ್ಜ್ ವಾಲ್ವ್ ತೆರೆದೇ ಉಳಿದಿದ್ದರೆ ತುಂಬಿಸಿದ ಕೂಡಲೇ ಆವಿ ನುಗ್ಗಿ ಉಸಿರು ಕಟ್ಟುತ್ತದೆ. ವಾಲ್ವ್ ಬಿಚ್ಚಿ ಊದಿ ನೋಡಿ. ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು. ಬಂಕಿನಲ್ಲಿ ಆಟೋಕಟ್ ಆದ ಮೇಲೂ ‘ಇನ್ನೂ ಸ್ವಲ್ಪ ಹಾಕಿ’ ಅನ್ನುವವರ ಗಾಡಿಗೆ ಈ ಕಾಯಿಲೆ ಬರುವ ಸಂಭವ ಜಾಸ್ತಿ.

ವಾಸನೆಯೇ ಇಲ್ಲ, ಪ್ಲಗ್ ಒಣಗಿದೆ ಅಂದರೆ ಪೆಟ್ರೋಲ್ ಬರುತ್ತಿಲ್ಲ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ ‘ಜುಂಯ್’ ಎಂಬ ಪಂಪಿನ ಸದ್ದು ಬರಬೇಕು. ಆಫ್ ಮಾಡಿ ಮತ್ತೆ ಆನ್, ಹೀಗೆ ಮೂರು ಸಲ ಮಾಡಿ ಸೆಲ್ಫ್ ಹೊಡೆಯಿರಿ. ಈಗ ಸ್ಟಾರ್ಟ್ ಆದರೆ ಪಂಪ್ ಬದುಕಿದೆ, ಆದರೆ ನಿಂತಾಗ ಪೈಪಿನ ಒತ್ತಡ ಇಳಿದು ಬಿಸಿಗೆ ಪೆಟ್ರೋಲ್ ಆವಿಯಾಗುತ್ತಿದೆ. ಪಂಪಿನ ಒಳಗಿನ ಚೆಕ್ ವಾಲ್ವ್ ಅಥವಾ ಪ್ರೆಷರ್ ರೆಗ್ಯುಲೇಟರ್ ಅನುಮಾನದ ಪಟ್ಟಿಗೆ ಬರಲಿ.

ಸದ್ದೇ ಬರದಿದ್ದರೆ ಕೂಡಲೇ ಪಂಪ್ ಬದಲಿಸಬೇಡಿ. ಫ್ಯೂಸ್ ನೋಡಿ, ಆಮೇಲೆ ರಿಲೇ. ಅನೇಕ ಗಾಡಿಗಳಲ್ಲಿ ಹಾರ್ನ್ ರಿಲೇ, ಪಂಪ್ ರಿಲೇ ಒಂದೇ ಬಗೆಯವು. ನಂಬರ್ ಒಂದೇ ಇದ್ದರೆ ಅದಲು ಬದಲು ಮಾಡಿ ನೋಡಿ. ರಿಲೇ ಒಳಗಿನ ಬೆಸುಗೆ ಬಿರುಕು ಬಿಟ್ಟಿದ್ದರೂ ಬಿಸಿಯಲ್ಲಷ್ಟೇ ಕೈಕೊಡುತ್ತದೆ. ರಿಲೇ ಸರಿಯಿದ್ದು, ಟ್ಯಾಂಕ್ ಕಾಲುಭಾಗಕ್ಕಿಂತ ಕಮ್ಮಿ ಇದ್ದಾಗಲೇ ತೊಂದರೆ ಅಂತ ನೋಟ್‌ಬುಕ್ ಹೇಳಿದರೆ ಪಂಪ್ ಸೋತಿದೆ. ಆ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ ಅಲ್ವಾ?

ಒತ್ತಡವನ್ನು ಗೇಜ್ ಹಾಕಿ ಅಳೆಯುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಅನೇಕ ಪೆಟ್ರೋಲ್ ಗಾಡಿಗಳಲ್ಲಿ ಮೂರು ನಾಲ್ಕು ಬಾರ್ ಇರುತ್ತದೆ, ಕಾದ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಬೆಂಕಿಯೇ. ಸಿಎನ್‌ಜಿ ಪೈಪುಗಳನ್ನು ಮುಟ್ಟಲೇಬೇಡಿ.

## ಹಂತ 7: ಕಿಡಿ

ಕಾಯಿಲ್‌ಗೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ, ಬಿಸಿಯಿದ್ದಾಗಲೇ ಸೆಲ್ಫ್ ಹೊಡೆಸಿ ನೋಡಿ. ನೀಲಿಬಿಳಿ, ಚಟಚಟ ಅನ್ನುವ ಕಿಡಿ ಒಳ್ಳೆಯದು. ಕೆಂಪಗೆ ಸಣ್ಣಗಿದ್ದರೆ ಕಾಯಿಲ್ ಸೋಲುತ್ತಿದೆ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಗಾಡಿಯಲ್ಲಿ ಒಂದು ಕೆಟ್ಟರೆ ಮಿಸ್ಸಿಂಗ್ ಬರುತ್ತದೆಯೇ ಹೊರತು ಗಾಡಿ ಪೂರ್ತಿ ನಿಲ್ಲುವುದು ಅಪರೂಪ. ಎಲ್ಲದರಲ್ಲೂ ಕಿಡಿ ಇಲ್ಲವಾದರೆ ಕಾಯಿಲ್ ಬಿಟ್ಟು ಹಂತ 5ಕ್ಕೆ ಮರಳಿ, ಮೇನ್ ರಿಲೇಯನ್ನೂ ನೋಡಿ. ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವ ಸಾಹಸ ಬೇಡ, ಅದು ಸಾವಿರಾರು ವೋಲ್ಟ್.

## ಹಂತ 8: ಬೇರೆ ಬಗೆಯ ಗಾಡಿಗಳು

ಡೀಸೆಲ್. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಹೋಗುವ) ಇಂಜಿನ್ನಿನಲ್ಲಿ ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಷರ್ ಸುಮಾರು 200 ಬಾರ್ ದಾಟದಿದ್ದರೆ ಹೆಚ್ಚಾಗಿ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ. ಬಿಸಿ ಡೀಸೆಲ್ ತೆಳ್ಳಗಾಗಿ, ಸವೆದ ಇಂಜೆಕ್ಟರ್ ಅಥವಾ ಪಂಪಿನಲ್ಲಿ ಜಾರಿ ಹಿಂದಕ್ಕೆ ಹೋಗುತ್ತದೆ. ಲೈವ್ ಡೇಟಾದಲ್ಲಿ ಈ ಅಂಕಿ ನೋಡಿ, ಕಮ್ಮಿ ಇದ್ದರೆ ಗ್ಯಾರೇಜಿನಲ್ಲಿ ಹೀಗೆ ಹಿಂದಕ್ಕೆ ಹೋಗುವ ಡೀಸೆಲ್ ಅಳೆಯುವ ‘ಬ್ಯಾಕ್ ಲೀಕ್ ಟೆಸ್ಟ್’ ಕೇಳಿ. ಪೈಪ್ ಸಡಿಲಿಸಿ ನೋಡುವ ಹಳೇ ರೂಢಿ ಇಲ್ಲಿ ಪ್ರಾಣಕ್ಕೇ ಅಪಾಯ, ಆ ಒತ್ತಡ ಚರ್ಮ ಸೀಳಿ ಒಳಹೋಗುತ್ತದೆ. ಹಳೆಯ ರೋಟರಿ ಪಂಪಿನ ಡೀಸೆಲ್ ಗಾಡಿಯಾದರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಸ್ಟಾರ್ಟ್ ಆದರೆ ಪಂಪ್ ಸವೆದಿದೆ, ಅಥವಾ ಅದರ ಮೇಲಿನ ಕಟ್‌ಆಫ್ ಸೊಲೆನಾಯ್ಡ್ ಬಿಸಿಗೆ ಸೋಲುತ್ತಿದೆ.

ಕಾರ್ಬ್ಯುರೇಟರ್ ಗಾಡಿ. ಅಂಬಾಸಿಡರ್ ಓಡಿಸಿದವರಿಗೆ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಪೈಪಿನಲ್ಲಿ ಆವಿ ತುಂಬಿ ಪಂಪ್ ಎಳೆಯದೇ ಹೋಗುವುದೇ ಇಲ್ಲಿನ ಮುಖ್ಯ ತೊಂದರೆ. ಚೋಕ್ ಎಳೆಯಬೇಡಿ, ಪೈಪ್ ಎಕ್ಸಾಸ್ಟಿಗೆ ತಾಗದಂತೆ ಸರಿಸಿ.

ಬೈಕ್, ಸ್ಕೂಟರ್. ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಸ್’ ಎಂದು ಗಾಳಿ ಒಳಗೆಳೆದುಕೊಂಡು, ಸ್ವಲ್ಪ ಹೊತ್ತಿಗೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಒಂದು ಪಿನ್ನು ಸಾಕು. ಕಿಕ್ ಹೊಡೆದಾಗ ಬಿಸಿಯಲ್ಲಿ ತೀರಾ ಹಗುರ ಅನ್ನಿಸಿದರೆ ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ತಣ್ಣಗಿರುವಾಗ ಕಂಪನಿ ಹೇಳಿದ ಗ್ಯಾಪಿಗೆ ಸೆಟ್ ಮಾಡಿಸಿ. ಎರಡೂ ಅಲ್ಲ, ಕಿಡಿಯೂ ಇಲ್ಲ ಅಂದರೆ ಮ್ಯಾಗ್ನೆಟ್ ಬಳಿಯ ಪಲ್ಸರ್ ಕಾಯಿಲ್ (ಕಿಡಿ ಯಾವಾಗ ಹೊಡೆಯಬೇಕೆಂದು ಸೂಚಿಸುವ ಸೆನ್ಸರ್) ಮೇಲೆ ಅನುಮಾನ.

## ಹಂತ 9: ಗ್ಯಾರೇಜಿನಲ್ಲಿ ದೋಷವನ್ನು ಮರಳಿ ಬರಿಸುವುದು

ರಸ್ತೆಬದಿಯಲ್ಲಿ ಉತ್ತರ ಸಿಗದಿದ್ದರೆ ಗಾಡಿಯನ್ನು ತಣ್ಣಗೆ ಗ್ಯಾರೇಜಿಗೆ ಒಯ್ದು ಬಿಟ್ಟು ಬರಬೇಡಿ. ಮೂವತ್ತು ಕಿಲೋಮೀಟರ್ ಓಡಿಸಿಕೊಂಡೇ ಹೋಗಿ, ಬಾನೆಟ್ ಮುಚ್ಚಿದಂತೆ ಹದಿನೈದು ನಿಮಿಷ ನಿಲ್ಲಿಸಿ, ಮೆಕ್ಯಾನಿಕ್ ಎದುರೇ ಕೀ ತಿರುಗಿಸಿ. ಬಾನೆಟ್ ತೆರೆದಿಟ್ಟರೆ ಬಿಸಿ ಹಾರಿಹೋಗಿ ದೋಷ ಅಡಗಿಕೊಳ್ಳುತ್ತದೆ. ಆಗಲೂ ಬರದಿದ್ದರೆ ಅನುಮಾನವಿರುವ ಸೆನ್ಸರ್ ಅಥವಾ ರಿಲೇಯನ್ನು ಹೇರ್ ಡ್ರೈಯರ್‌ನಿಂದ ಮೆಲ್ಲಗೆ ಬಿಸಿ ಮಾಡಿಸಿ ನೋಡಿ. ಪೆಟ್ರೋಲ್ ಪೈಪಿನ ಹತ್ತಿರ ಮಾತ್ರ ಇದನ್ನು ಮಾಡಬೇಡಿ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಲು ಹೇಳಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ಅವರಿಗೂ ಗೊತ್ತಿರುವುದಿಲ್ಲ, ನಿಮಗೂ ಇಲ್ಲ. ತೆಗೆದ ಹಳೇ ಭಾಗ ಕೇಳಿ ತೆಗೆದುಕೊಳ್ಳಿ. ಅದನ್ನು ಮನೆಗೆ ತಂದು ಬಿಸಿ ಮಾಡಿ ಅಳೆದರೆ ಕೆಟ್ಟಿದ್ದು ಅದೇನಾ ಎಂಬುದು ಎಷ್ಟೋ ಸಲ ತಿಳಿಯುತ್ತದೆ.

ಬದಲಿಸಿದ ಮೇಲೆ ಅದೇ ದಾರಿ, ಅಷ್ಟೇ ದೂರ, ಅಷ್ಟೇ ಹೊತ್ತು ನಿಲ್ಲಿಸಿ ಮೂರು ಬೇರೆ ಬೇರೆ ದಿನ ಪರೀಕ್ಷಿಸಿ. ಸಾಧ್ಯವಾದರೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ. ಮೂರೂ ದಿನ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವವರೆಗೆ ನೋಟ್‌ಬುಕ್ ಡಿಕ್ಕಿಯಲ್ಲೇ ಇರಲಿ.